ಕಡಿಮೆ ಬೆಲೆಗೆ ಒಳ್ಳೆಯ ಕಂಬಳಿ

ಡಿಸೆಂಬರ್ ತಿಂಗಳು ಬಂತೆಂದರೆ ಬೂದಿಕೋಟೆ, ಬಂಗಾರಪೇಟೆ, ಕೆ.ಜಿ.ಎಫ್. ಕಡೆಯ ಮನೆಗಳಲ್ಲಿ ಪೆಟ್ಟಿಗೆಯ ತಳದಲ್ಲಿದ್ದ ಕಂಬಳಿ, ರಜಾಯಿಗಳು ಹೊರಗೆ ಬರುತ್ತವೆ. ಕೋಲಾರ ಜಿಲ್ಲೆಯ ಬಹುಭಾಗ ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವ ಬಯಲು. ಹಗಲಿನ ಬಿಸಿಲು ಎಷ್ಟೇ ಚುರುಕಾಗಿದ್ದರೂ ಮೋಡವಿಲ್ಲದ ರಾತ್ರಿಯಲ್ಲಿ ನೆಲ ಬೇಗನೆ ತಣ್ಣಗಾಗುತ್ತದೆ. ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಿಗೂ, ಅವರಿಗಿಂತ ಮುಂಚೆ ಎದ್ದು ಬುತ್ತಿ ಕಟ್ಟುವ ಗೃಹಿಣಿಯರಿಗೂ ಈ ಚಳಿಯ ಪರಿಚಯ ಚೆನ್ನಾಗಿಯೇ ಇದೆ.

ಆದರೆ ಕಂಬಳಿ ಬೇಕಾಗುವುದು ಚಳಿಗಾಲದಲ್ಲಿ ಮಾತ್ರವಲ್ಲ. ಮಗ ಅಂತರಗಂಗೆ ಬೆಟ್ಟಕ್ಕೆ ಗೆಳೆಯರೊಂದಿಗೆ ಹೋಗಿ ರಾತ್ರಿ ತಂಗುತ್ತೇನೆ ಎನ್ನುತ್ತಾನೆ. ಮಗಳಿಗೆ ಗೈಡ್ಸ್ ಶಿಬಿರವಿರುತ್ತದೆ. ಮನೆಯ ಹಿರಿಯರು ಇಜ್ತಿಮಾಗೆ ಹೊರಡುತ್ತಾರೆ. ಯಾರಿಗೋ ಹುಷಾರಿಲ್ಲದೆ ಆಸ್ಪತ್ರೆಯ ವರಾಂಡದಲ್ಲಿ ಎರಡು ರಾತ್ರಿ ಕಳೆಯಬೇಕಾಗುತ್ತದೆ. ಇಲ್ಲವೇ ಮಳೆ ಸುರಿದು, ಮನೆಯೊಳಗೆ ನೀರು ನುಗ್ಗಿ, ಇದ್ದ ಹಾಸಿಗೆಯೆಲ್ಲ ಒದ್ದೆಯಾಗುತ್ತದೆ. ಅಂಥ ಹೊತ್ತಿಗೆ ಬಜಾರಿಗೆ ಓಡಿ, ಕೈಗೆ ಸಿಕ್ಕಿದ್ದನ್ನು ಕೊಂಡು ತರುವವರೇ ಹೆಚ್ಚು. ದೊಡ್ಡ ದೊಡ್ಡ ಹೂವಿನ, ಮುಟ್ಟಿದರೆ ಮೆತ್ತಗಿರುವ ಹೊದಿಕೆ ಕಣ್ಣಿಗೆ ಚೆಂದ. ಆದರೆ ಬಯಲಲ್ಲಿ, ತೇವದಲ್ಲಿ, ಬೆಂಕಿಯ ಬಳಿ ಅದು ನಮ್ಮನ್ನು ಕಾಯುತ್ತದೆಯೇ? ದುಬಾರಿ ಹಣ ಸುರಿಯದೆ ಒಳ್ಳೆಯ ಉಣ್ಣೆ ಕಂಬಳಿಯನ್ನು ಆರಿಸುವುದು ಹೇಗೆ? ಇದನ್ನು ತಿಳಿದುಕೊಂಡರೆ ಹಣವೂ ಉಳಿಯುತ್ತದೆ, ಆಪತ್ಕಾಲದಲ್ಲಿ ಜೀವವೂ ಉಳಿಯುತ್ತದೆ.

ಉಣ್ಣೆಯೇ ಯಾಕೆ?

ಕಂಬಳಿ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ನಮ್ಮ ಮೈಯ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ತಡೆಯುವುದು ನೂಲಿನ ನಡುವೆ ಸಿಕ್ಕಿಕೊಂಡ ಗಾಳಿ. ಉಣ್ಣೆಯ ಎಳೆ ಹುಟ್ಟಿನಿಂದಲೇ ಸುರುಳಿ ಸುರುಳಿಯಾಗಿರುವುದರಿಂದ ಅದರ ನಡುವೆ ಗಾಳಿ ಹೆಚ್ಚು ನಿಲ್ಲುತ್ತದೆ. ಎಷ್ಟು ಸಲ ಮಡಚಿ ಇಟ್ಟರೂ ಕೊಡವಿದರೆ ಮತ್ತೆ ಉಬ್ಬಿಕೊಳ್ಳುತ್ತದೆ.

ಎರಡನೆಯದು ತೇವದ ವಿಷಯ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ನೀರಾವಿಯನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಎನಿಸುವುದಿಲ್ಲ. ಬೆವರು, ಇಬ್ಬನಿ, ತುಂತುರು ಮಳೆ ಇವುಗಳಿಂದ ಅದರ ಬಿಸುಪು ಅಷ್ಟಾಗಿ ಕುಗ್ಗುವುದಿಲ್ಲ. ಹತ್ತಿಯ ರಜಾಯಿ ಒಮ್ಮೆ ನೆನೆಯಿತೆಂದರೆ ಒಳಗಿನ ಹತ್ತಿ ಗಂಟುಗಟ್ಟಿ, ಮೈಗೆ ತಣ್ಣನೆಯ ಬಟ್ಟೆ ಸುತ್ತಿದಂತಾಗುತ್ತದೆ. ಹಾಗೆಂದು ಉಣ್ಣೆಯನ್ನು ನೀರಲ್ಲಿ ಅದ್ದಿ ಹೊದೆಯಬಹುದೆಂದಲ್ಲ. ಪೂರ್ತಿ ನೆನೆದ ಕಂಬಳಿ ಬಹಳ ಭಾರವಾಗುತ್ತದೆ, ಒಣಗಲು ದಿನಗಟ್ಟಲೆ ಬೇಕು.

ಮೂರನೆಯದು ಬೆಂಕಿ. ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ. ಹತ್ತಿದರೂ ಜ್ವಾಲೆಯಿಂದ ದೂರ ಸರಿಸಿದಾಗ ಸಾಮಾನ್ಯವಾಗಿ ತಾನೇ ನಂದುತ್ತದೆ. ಪಾಲಿಯೆಸ್ಟರ್, ಅಕ್ರಿಲಿಕ್ ಹೊದಿಕೆಗಳು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಒಲೆಯ ಮುಂದೆ ಕೂರುವವರು, ಶಿಬಿರದಲ್ಲಿ ಬೆಂಕಿ ಕಾಯಿಸುವ ಮಕ್ಕಳು ಈ ವ್ಯತ್ಯಾಸವನ್ನು ತಿಳಿದಿರಬೇಕು.

ಪಾಲಿಯೆಸ್ಟರಿನ ಫ್ಲೀಸ್ ಹೊದಿಕೆಗೂ ಅದರದೇ ಗುಣಗಳಿವೆ. ಅದು ಹಗುರ, ಬೇಗ ಒಣಗುತ್ತದೆ, ಮೈ ಚುಚ್ಚುವುದಿಲ್ಲ. ಮನೆಯೊಳಗೆ, ಪದೇ ಪದೇ ತೊಳೆಯಬೇಕಾದ ಕಡೆ ಅದೇ ಸಾಕು. ಬಯಲಿಗೆ, ಬೆಂಕಿಯ ಬಳಿಗೆ, ವರ್ಷಗಟ್ಟಲೆ ಕಾದಿಡುವುದಕ್ಕೆ ಉಣ್ಣೆ ಮೇಲು.

ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 80ನೇ ಸೂಕ್ತದಲ್ಲಿ ಪ್ರಯಾಣದ ದಿನಕ್ಕೂ ತಂಗುವ ದಿನಕ್ಕೂ ಹಗುರವಾದ ಚರ್ಮದ ಡೇರೆಗಳನ್ನು ಮತ್ತು ಪ್ರಾಣಿಗಳ ಉಣ್ಣೆಯಿಂದಾಗುವ ಮನೆಯ ಸಾಮಗ್ರಿಗಳನ್ನು ಅಲ್ಲಾಹನ ಅನುಗ್ರಹಗಳ ಸಾಲಿನಲ್ಲಿ ಹೇಳಲಾಗಿದೆ. ಪ್ರಯಾಣಿಕನಿಗೂ ಉಣ್ಣೆಗೂ ಇರುವ ನಂಟು ಅಷ್ಟು ಹಳೆಯದು.

ಪಾಣಿಪತ್ತಿನ ಕಂಬಳಿ

ಕಡಿಮೆ ಬೆಲೆಯ ಉಣ್ಣೆ ಕಂಬಳಿ ಎಂದು ಅಂಗಡಿಯಲ್ಲಿ ಸಿಗುವುದರಲ್ಲಿ ಬಹುಪಾಲು ಹರಿಯಾಣದ ಪಾಣಿಪತ್ತಿನದು. ಅಲ್ಲಿಗೆ ಹೊರದೇಶಗಳಿಂದ ಹಳೆಯ ಉಣ್ಣೆಯ ಕೋಟು, ಸ್ವೆಟರುಗಳು ಮೂಟೆಗಟ್ಟಲೆ ಬರುತ್ತವೆ. ಹೆಂಗಸರು ಅವುಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ, ಗುಂಡಿ, ಜಿಪ್ಪು, ಒಳಗಿನ ಅಸ್ತರುಗಳನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿದ ಬಟ್ಟೆಯನ್ನು ಯಂತ್ರದಲ್ಲಿ ಸಿಗಿದು ಎಳೆ ಎಳೆ ಮಾಡಿ, ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತಾರೆ. ಈ ಹೆಂಗಸರ ಕೆಲಸವನ್ನು ಮೇಘನಾ ಗುಪ್ತಾ ಅವರು 2012ರಲ್ಲಿ 'ಅನ್‌ರಾವೆಲ್' ಎಂಬ ಕಿರು ಸಾಕ್ಷ್ಯಚಿತ್ರದಲ್ಲಿ ತೋರಿಸಿದ್ದಾರೆ. ಹೀಗೆ ಮರುಬಳಕೆಯಿಂದ ತಯಾರಾದ ಉಣ್ಣೆಗೆ 'ಶಾಡಿ' ಎಂದು ಹೆಸರು. ಈ ವಿದ್ಯೆ ಶುರುವಾದದ್ದು ಇಂಗ್ಲೆಂಡಿನ ಯಾರ್ಕ್‌ಷೈರಿನ ಬ್ಯಾಟ್ಲಿ ಎಂಬ ಊರಿನಲ್ಲಿ, 1813ರಲ್ಲಿ. ಭೂಕಂಪ, ಪ್ರವಾಹ, ಯುದ್ಧ ನಡೆದ ಕಡೆಗಳಿಗೆ ಪರಿಹಾರ ಸಂಸ್ಥೆಗಳು ಹಂಚಿದ ಬೂದು ಬಣ್ಣದ ಕಂಬಳಿಗಳು ದಶಕಗಳ ಕಾಲ ಪಾಣಿಪತ್ತಿನಿಂದ ಹೋಗಿವೆ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿಯ ಅನೇಕ ಕಾರ್ಖಾನೆಗಳು ಪಾಲಿಯೆಸ್ಟರ್ ಹೊದಿಕೆಗೆ ತಿರುಗಿಕೊಂಡಿವೆ.

ಹಳೆಯ ಬಟ್ಟೆಯಿಂದ ಮಾಡಿದ್ದು ಎಂದು ಮೂಗು ಮುರಿಯಬೇಕಾಗಿಲ್ಲ. ಬಿಸುಪಿನಲ್ಲಿ ಅದೇನೂ ಕಡಿಮೆಯಲ್ಲ. ಅದರ ಕೊರತೆ ಬೇರೆ. ಸಿಗಿದ ಎಳೆಗಳು ಮೋಟಾಗಿರುವುದರಿಂದ ನೂಲಿಗೆ ಬಲ ಸಾಲದು, ಪುಡಿ ಉದುರುತ್ತದೆ, ಪದೇ ಪದೇ ತೊಳೆದರೆ ಬೇಗ ಸವೆಯುತ್ತದೆ. ಉಣ್ಣೆಯ ಜೊತೆ ಅಕ್ರಿಲಿಕ್, ಪಾಲಿಯೆಸ್ಟರ್ ಎಳೆಗಳೂ ಬೆರೆತಿರುತ್ತವೆ. ವರ್ಷಕ್ಕೆ ನಾಲ್ಕಾರು ರಾತ್ರಿ ಮಾತ್ರ ಬಳಸುವ ತುರ್ತು ಕಂಬಳಿಯಾಗಿ ಇದು ಧಾರಾಳವಾಗಿ ಸಾಕು. ದಮ್ಮು ಇರುವವರು ಮಾತ್ರ ಪುಡಿ ಉದುರುವ ಕಂಬಳಿಯಿಂದ ದೂರವಿರಬೇಕು.

ನಮ್ಮ ನಾಡಿನ ಕರಿ ಕಂಬಳಿ

ಇನ್ನೊಂದು ನಮ್ಮ ಕರ್ನಾಟಕದ್ದೇ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಕುರುಬ ಸಮುದಾಯದವರು ದಖ್ಖನಿ ತಳಿಯ ಕುರಿಗಳ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಹೆಂಗಸರು ಅದನ್ನು ಹಿಂಜಿ ನೂಲುತ್ತಾರೆ, ಗಂಡಸರು ಗುಂಡಿಮಗ್ಗದಲ್ಲಿ ನೇಯುತ್ತಾರೆ. ಹಾಸುನೂಲು ಗಟ್ಟಿಯಾಗಲೆಂದು ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಹೊಸ ಕಂಬಳಿ ಬಿರುಸಾಗಿರುವುದಕ್ಕೆ ಈ ಗಂಜಿಯೂ ಒಂದು ಕಾರಣ. ಬಳಸುತ್ತಾ ಹೋದಂತೆ ಮೆತ್ತಗಾಗುತ್ತದೆ. ಕರಿಯ ಬಣ್ಣ ಕುರಿಯದೇ ಆದ್ದರಿಂದ ಬಣ್ಣ ಬಿಡುವ ಭಯವಿಲ್ಲ.

ಈ ಉಣ್ಣೆ ಒರಟು. ಮೈಗೆ ನೇರವಾಗಿ ತಾಗಿದರೆ ಚುಚ್ಚುತ್ತದೆ. ಒಳಗೆ ಒಂದು ಹಳೆಯ ಹತ್ತಿ ಸೀರೆಯನ್ನೋ ದುಪ್ಪಟಿಯನ್ನೋ ಸೇರಿಸಿಕೊಂಡರೆ ಆ ತೊಂದರೆ ತಪ್ಪುತ್ತದೆ. ಬಾಳಿಕೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಕುರಿಗಾಹಿಗಳು ಇದನ್ನೇ ಕೊಪ್ಪೆಯಾಗಿ ಮಡಚಿ ತಲೆಯ ಮೇಲೆ ಹಾಕಿಕೊಂಡು ಮಳೆಯಲ್ಲಿ ನಡೆಯುತ್ತಾರೆ, ರಾತ್ರಿ ಅದನ್ನೇ ಹೊದೆದು ಹೊಲದಲ್ಲಿ ಮಲಗುತ್ತಾರೆ. ಬಯಲಿನ ಬಿಡಾರಕ್ಕೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕೆ? ಬೆಲೆ ಪಾಣಿಪತ್ತಿನದಕ್ಕಿಂತ ಹೆಚ್ಚಾದರೂ ಬಾಳುವ ವರ್ಷಗಳಿಂದ ಭಾಗಿಸಿ ನೋಡಿದರೆ ದುಬಾರಿಯೆನಿಸದು.

ಅಂಗಡಿಯಲ್ಲಿ ನೋಡಬೇಕಾದದ್ದು

ಮೊದಲು ತೂಕ. ಕಂಬಳಿಯ ದಪ್ಪ ನೋಡಿ ಮೋಸಹೋಗಬೇಡಿ. ಗಿರಣಿಯಲ್ಲಿ ಬ್ರಷ್ಷಿನಿಂದ ಕೆದರಿ ಉಬ್ಬಿಸಿದ್ದು ಎರಡು ತಿಂಗಳಲ್ಲಿ ಚಪ್ಪಟೆಯಾಗುತ್ತದೆ. ತೂಕವನ್ನು ಅಳತೆಯಿಂದ ಭಾಗಿಸಿದರೆ ನಿಜ ಗೊತ್ತಾಗುತ್ತದೆ. ಮನೆಯಲ್ಲಿರುವ ಹೊಲಿಗೆಯ ಟೇಪಿನ ಉದ್ದ 150 ಸೆಂಟಿಮೀಟರ್, ಅಂದರೆ ಒಂದೂವರೆ ಮೀಟರ್. ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿ. 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಕಂಬಳಿ 3 ಚದರ ಮೀಟರ್ ಆಯಿತು. ಅದರ ತೂಕ ಒಂದೂವರೆ ಕಿಲೋ ಇದ್ದರೆ ಚದರ ಮೀಟರಿಗೆ 500 ಗ್ರಾಂ. ಅಂಗಡಿಯವರು 'ಜಿ.ಎಸ್.ಎಂ.' ಎನ್ನುವುದು ಇದಕ್ಕೇ. ನಮ್ಮ ಕಡೆಯ ಚಳಿಗೆ 500ರ ಆಸುಪಾಸಿನದು ಒಳ್ಳೆಯದು. 300ಕ್ಕಿಂತ ಕೆಳಗಿನದು ಪ್ರಯಾಣದ ಹೊದಿಕೆಯಷ್ಟೇ.

ಎರಡನೆಯದು ಅಳತೆ. ಬಯಲಲ್ಲಿ ಮಲಗುವವರಿಗೆ ಕಂಬಳಿ ಮೇಲೆ ಹೊದ್ದರೆ ಸಾಲದು, ಸುತ್ತಿಕೊಳ್ಳುವಂತಿರಬೇಕು. ಮಲಗುವವರ ಎತ್ತರಕ್ಕಿಂತ ಒಂದಡಿಯಾದರೂ ಉದ್ದವಿದ್ದರೆ ಕಾಲನ್ನೂ ಹೆಗಲನ್ನೂ ಒಟ್ಟಿಗೆ ಮುಚ್ಚಬಹುದು.

ಮೂರನೆಯದು ನೇಯ್ಗೆ. ಕಂಬಳಿಯನ್ನು ಬೆಳಕಿಗೆ ಹಿಡಿಯಿರಿ. ಅಲ್ಲಲ್ಲಿ ತೆಳುವಾಗಿ ಬೆಳಕು ತೂರಿದರೆ ಬೇಡ. ಎರಡು ಕೈಗಳಿಂದ ಹಿಡಿದು ಎಳೆದಾಗ ನೂಲು ಸರಿದು ಕಿಂಡಿ ಬೀಳಬಾರದು. ಅಂಚಿಗೆ ಒತ್ತು ಹೊಲಿಗೆ ಇರಬೇಕು. ಇಲ್ಲದಿದ್ದರೆ ಮನೆಗೆ ತಂದೊಡನೆ ನೀವೇ ದಪ್ಪ ದಾರದಲ್ಲಿ ಅಂಚು ಕಟ್ಟಿಬಿಡಿ. ಅಂಗೈಯಿಂದ ನಾಲ್ಕು ಸಲ ಉಜ್ಜಿ ನೋಡಿ, ಕೈತುಂಬ ಪುಡಿ ಬಂದರೆ ಹಿಂದಿರುಗಿಸಿ.

ನಾಲ್ಕನೆಯದು ಎಳೆಯ ಪರೀಕ್ಷೆ. ಚೀಟಿಯ ಮೇಲೆ ಉಣ್ಣೆ ಶೇಕಡಾ ಎಷ್ಟೆಂದು ಬರೆದಿದೆಯೇ ನೋಡಿ. ಚೀಟಿ ಇಲ್ಲದಿದ್ದರೆ ಅಂಚಿನ ನಾಲ್ಕು ಎಳೆ ಕೇಳಿ ಪಡೆದು, ಚಿಮಟದಲ್ಲಿ ಹಿಡಿದು, ತಟ್ಟೆಯ ಮೇಲೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಮಣಿಯಂತೆ ಗಟ್ಟಿಯಾದರೆ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್. ಕಾಗದದಂತೆ ಭಗ್ಗೆಂದು ಉರಿದರೆ ಹತ್ತಿ. ಕೂದಲಿನ ವಾಸನೆಯೂ ಇದ್ದು ಮಣಿಯೂ ಉಳಿದರೆ ಮಿಶ್ರಣ. ಮಿಶ್ರಣವಾದರೆ ಕೆಟ್ಟದ್ದೆಂದಲ್ಲ, ಆದರೆ ಶುದ್ಧ ಉಣ್ಣೆಯ ಬೆಲೆ ಕೊಡಬೇಡಿ.

ಚಳಿ ಬರುವುದು ಕೆಳಗಿನಿಂದ

ಶಿಬಿರಕ್ಕೆ ಹೋದ ಮಕ್ಕಳು ಎರಡು ಕಂಬಳಿ ಹೊದ್ದರೂ ರಾತ್ರಿಯೆಲ್ಲ ನಡುಗಿದೆವು ಎನ್ನುವುದುಂಟು. ಕಾರಣ, ಎರಡನ್ನೂ ಮೇಲೆ ಹೊದ್ದಿರುತ್ತಾರೆ. ಮೈಯ ಭಾರಕ್ಕೆ ಸಿಕ್ಕಿದ ಬಟ್ಟೆಯಲ್ಲಿ ಗಾಳಿ ಉಳಿಯದು. ತಣ್ಣನೆಯ ನೆಲ ಮೈಯ ಶಾಖವನ್ನು ಹೀರುತ್ತಲೇ ಇರುತ್ತದೆ. ಆದ್ದರಿಂದ ಮೊದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಚಾಪೆ ಅಥವಾ ದಪ್ಪ ಜಮಖಾನ, ಅದರ ಮೇಲೆ ಒಂದು ಕಂಬಳಿ, ಆಮೇಲೆ ಹೊದಿಕೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮುಸ್ಲಿಮ್ ಹೆಣ್ಣುಮಕ್ಕಳು ತಲೆತಲಾಂತರದಿಂದ ನೇಯ್ದುಕೊಂಡು ಬಂದಿರುವ ಹತ್ತಿಯ ಜಮಖಾನಗಳು ಪ್ರಸಿದ್ಧ. ಅಂಥದ್ದೊಂದು ಮನೆಯಲ್ಲಿದ್ದರೆ ಹಾಸುವುದಕ್ಕೆ ಬಹಳ ಒಳ್ಳೆಯದು. ಏನೂ ಇಲ್ಲದಿದ್ದರೆ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಹಾಸಿ, ಒಣಹುಲ್ಲನ್ನು ಹರಡಿ. ಇರುವುದು ಒಂದೇ ಕಂಬಳಿಯಾದರೆ ಅರ್ಧ ಹಾಸಿ ಅರ್ಧ ಹೊದೆಯಿರಿ.

ಹೊಳೆಯುವ ಬೆಳ್ಳಿ ಬಣ್ಣದ ತೆಳು ಹಾಳೆಯ ತುರ್ತು ಹೊದಿಕೆ ಈಗ ಕಡಿಮೆ ಬೆಲೆಗೆ ಸಿಗುತ್ತದೆ. ಅದು ಗಾಳಿ ಮತ್ತು ಮಳೆಯನ್ನು ತಡೆದು ಮೈಯ ಶಾಖವನ್ನು ಹಿಂದಕ್ಕೆ ಕಳಿಸುತ್ತದೆ. ಆದರೆ ಅದೊಂದೇ ಸಾಲದು. ಒಳಗೆ ಉಣ್ಣೆ, ಹೊರಗೆ ಈ ಹಾಳೆ ಇದ್ದರೆ ಎರಡರ ಉಪಯೋಗವೂ ಆಗುತ್ತದೆ.

ಹಜ್ಜಿಗೆ ಹೊರಟವರು ಮುಝ್ದಲಿಫಾದಲ್ಲಿ ಒಂದು ರಾತ್ರಿಯನ್ನು ಬಯಲಿನಲ್ಲೇ ಕಳೆಯುತ್ತಾರೆ. ಹಜ್ಜಿನ ದಿನಗಳು ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುವುದರಿಂದ ಬೇಸಿಗೆಯ ಹಜ್ಜಿಗೆ ತೆಳು ಚಾದರ ಸಾಕಾದರೂ 2030ರ ದಶಕದ ಮಧ್ಯದ ಹೊತ್ತಿಗೆ ಅದು ಚಳಿಗಾಲಕ್ಕೆ ಬರುತ್ತದೆ. ಆಗ ಹಗುರವಾದ ಉಣ್ಣೆಯ ಹೊದಿಕೆ ಉಪಯೋಗಕ್ಕೆ ಬರುತ್ತದೆ. ಇಹ್ರಾಮಿನಲ್ಲಿರುವ ಪುರುಷರು ತಲೆ ಮುಚ್ಚುವಂತಿಲ್ಲವಾದ್ದರಿಂದ ಹೆಗಲವರೆಗೆ ಮಾತ್ರ ಹೊದೆಯಬೇಕು.

ಆಪತ್ತಿನ ರಾತ್ರಿಗೆ

2009ರಲ್ಲಿ ಮತ್ತು 2019ರಲ್ಲಿ ಉತ್ತರ ಕರ್ನಾಟಕ, 2018ರ ಆಗಸ್ಟಿನಲ್ಲಿ ಕೊಡಗು ಪ್ರವಾಹವನ್ನು ಕಂಡವು. ಸಾವಿರಾರು ಜನ ಉಟ್ಟ ಬಟ್ಟೆಯಲ್ಲೇ ಮನೆಬಿಟ್ಟು ಪರಿಹಾರ ಕೇಂದ್ರಗಳ ನೆಲದ ಮೇಲೆ ಮಲಗಿದರು. ಬರಕ್ಕೆ ಹೆಸರಾದ ಕೋಲಾರ ಜಿಲ್ಲೆಯೂ 2021ರ ನವೆಂಬರಿನಲ್ಲಿ ಭಾರೀ ಮಳೆಗೆ ಸಿಕ್ಕಿ, ಕೆರೆಗಳು ಕೋಡಿ ಬಿದ್ದವು. ನಮ್ಮೂರಿಗೆ ಅಂಥದ್ದೇನೂ ಬರುವುದಿಲ್ಲ ಎಂದು ಕೂರುವ ಕಾಲ ಇದಲ್ಲ.

ಆಪತ್ತಿಗೆಂದು ಇಡುವ ಕಂಬಳಿಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ, ಅಟ್ಟದ ಮೇಲೋ ಬೀರುವಿನ ಮೇಲೋ ಇಡಿ. ಮಂಚದ ಕೆಳಗೆ ಬೇಡ, ನೀರು ಮೊದಲು ಬರುವುದೇ ಅಲ್ಲಿಗೆ. ಅದರ ಜೊತೆಯಲ್ಲಿ ಒಂದೊಂದು ಜೊತೆ ಒಣಬಟ್ಟೆ, ಟಾರ್ಚು, ಹಾಸಲು ಒಂದು ಹಾಳೆ ಇರಲಿ.

ಎಷ್ಟು ಕಂಬಳಿ ಎಂಬ ಲೆಕ್ಕವನ್ನು ತಲೆಗೊಂದರಂತೆ ಹಾಕಿ. ಐದು ಜನರ ಮನೆಯಲ್ಲಿ ನಾಲ್ಕು ಕಂಬಳಿ ಇದ್ದರೆ ಹೊದಿಕೆಯಿಲ್ಲದೆ ಉಳಿಯುವುದು ಯಾರು? ಉತ್ತರ ಎಲ್ಲರಿಗೂ ಗೊತ್ತಿದೆ. ಮಕ್ಕಳಿಗೆ, ಅತ್ತೆ ಮಾವನಿಗೆ, ಗಂಡನಿಗೆ ಹೊದಿಸಿ, ತಾನು ಸೆರಗು ಸುತ್ತಿಕೊಂಡು ಗೋಡೆಗೆ ಒರಗುವವಳು ಮನೆಯ ತಾಯಿ. ಆಪತ್ತಿನ ಮರುದಿನ ಎದ್ದು ಎಲ್ಲರನ್ನೂ ನೋಡಿಕೊಳ್ಳಬೇಕಾದವಳೂ ಅವಳೇ. ಐದನೆಯ ಕಂಬಳಿ ಅವಳದು.

ಮಳೆಯಲ್ಲಿ ನೆನೆದು ಬಂದವರಿಗೆ ಒದ್ದೆ ಬಟ್ಟೆಯ ಮೇಲೆಯೇ ಕಂಬಳಿ ಹೊದಿಸಬೇಡಿ. ಮೊದಲು ಒದ್ದೆ ಬಟ್ಟೆ ತೆಗೆದು, ಮೈ ತಲೆ ಒರೆಸಿ, ಒಣಬಟ್ಟೆ ಹಾಕಿ, ಆಮೇಲೆ ತಲೆಯನ್ನೂ ಸೇರಿಸಿ ಸುತ್ತಿ. ಎಚ್ಚರವಾಗಿದ್ದರೆ ಬಿಸಿ ಬಿಸಿಯಾದ ಸಿಹಿ ಚಹಾ ಕೊಡಿ. ಕೈಕಾಲು ಜೋರಾಗಿ ಉಜ್ಜುವುದು, ಬಿಸಿನೀರು ಸುರಿಯುವುದು ಬೇಡ. ಮೈಯ ಶಾಖ 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ಅಪಾಯ. ನೆನೆದು ಗಾಳಿಗೆ ಸಿಕ್ಕಿದವರಿಗೆ ಅಷ್ಟೇನೂ ಚಳಿಯಿಲ್ಲದ ರಾತ್ರಿಯಲ್ಲೂ ಹೀಗಾಗಬಹುದು. ಮಾತು ತೊದಲಿದರೆ, ಮಂಕು ಹಿಡಿದಂತಾದರೆ, ಮೈ ತಣ್ಣಗಿದ್ದೂ ನಡುಕ ನಿಂತುಹೋದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಹೊದಿಕೆ ಸಾಲದೆಂದು ಇದ್ದಿಲಿನ ಸಿಗಡಿ ಹೊತ್ತಿಸಿ, ಕಿಟಕಿ ಬಾಗಿಲು ಮುಚ್ಚಿ ಮಲಗುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಎಚ್ಚರವಾಗುವುದೇ ಇಲ್ಲ. ದೇಶದಲ್ಲಿ ಪ್ರತಿ ಚಳಿಗಾಲವೂ ಹೀಗೆ ಇಡೀ ಕುಟುಂಬಗಳು ಸಾಯುತ್ತಿವೆ. ಒಂದು ಕಂಬಳಿಯ ಬೆಲೆ ಹೆಚ್ಚೆನಿಸಿದಾಗ ಇದನ್ನು ನೆನೆಸಿಕೊಳ್ಳಿ.

ಒಂದು ವರ್ಷದೊಳಗಿನ ಮಗುವಿನ ಮೇಲೆ ಭಾರವಾದ, ಸಡಿಲವಾದ ಕಂಬಳಿ ಹಾಕಬೇಡಿ. ಮುಖದ ಮೇಲೆ ಸರಿದು ಉಸಿರುಕಟ್ಟಬಹುದು. ಮಗುವಿಗೆ ಪದರ ಪದರವಾಗಿ ಬಟ್ಟೆ ತೊಡಿಸಿ. ಹೊರಗಿನ ಚಳಿಯಲ್ಲಿ ಕುಲಾವಿ ಹಾಕಿ, ತಾಯಿಯ ಎದೆಗೆ ಒತ್ತಿಕೊಂಡು, ಮಗುವಿನ ಮುಖ ಕಾಣುವಂತೆ ಇಬ್ಬರಿಗೂ ಸೇರಿಸಿ ಕಂಬಳಿ ಸುತ್ತಿಕೊಳ್ಳಿ.

ಕಾಪಾಡುವ ಬಗೆ

ಉಣ್ಣೆಗೆ ಬಿಸಿನೀರು ಆಗದು, ಕುಗ್ಗಿ ಗಟ್ಟಿಯಾಗುತ್ತದೆ. ತಣ್ಣೀರಿನಲ್ಲಿ ಅಂಟುವಾಳಕಾಯಿಯ ನೊರೆ ಅಥವಾ ಸೌಮ್ಯವಾದ ಸಾಬೂನು ಹಾಕಿ ಒತ್ತಿ ಒತ್ತಿ ತೊಳೆಯಿರಿ. ಬಂಡೆಗೆ ಒಗೆಯುವುದು, ಹಿಂಡುವುದು ಬೇಡ. ಹಗ್ಗದ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಎಳೆದುಕೊಂಡು ಆಕಾರ ಕೆಡುತ್ತದೆ. ಹಳೆಯ ಸೀರೆಯ ಮೇಲೆ ಹರಡಿ ಒಣಗಿಸಿ. ವರ್ಷಕ್ಕೊಮ್ಮೆ ತೊಳೆದರೆ ಸಾಕು, ನಡುನಡುವೆ ಬಿಸಿಲಿಗೆ ಹಾಕಿ ಕೊಡವಿದರೆ ಆಯಿತು.

ನುಸಿಯ ಮರಿಗಳು ತಿನ್ನುವುದು ಬೆವರಿನ, ಊಟದ ಕಲೆಯಿರುವ ಕಂಬಳಿಯನ್ನು. ಆದ್ದರಿಂದ ಎತ್ತಿಡುವ ಮುಂಚೆ ಶುಚಿಮಾಡಿ, ಪೂರ್ತಿ ಒಣಗಿಸಿ, ಮಡಿಕೆಗಳ ನಡುವೆ ಒಣಗಿದ ಬೇವಿನ ಎಲೆ ಇಡಿ. ಆರು ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ನುಸಿಗುಳಿಗೆ ಹಾಕುವವರು ಬಳಸುವ ಮುಂಚೆ ಎರಡು ದಿನ ಗಾಳಿಗೆ ಹಾಕಬೇಕು. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನಿನ ವಾಸನೆಯಿಂದಲೇ ಕೆಲವು ನವಜಾತ ಶಿಶುಗಳಲ್ಲಿ ರಕ್ತಕಣಗಳು ಒಡೆದು ಕಾಮಾಲೆ ಬರಬಹುದು. ಬಾಣಂತಿಯ ಕೋಣೆಗೆ ಅಂಥ ಕಂಬಳಿಯನ್ನು ಒಯ್ಯಲೇಬೇಡಿ.

ಕೊಡುವಾಗಲೂ ಇದೇ ಅಳತೆ

ಚಳಿಗಾಲದಲ್ಲಿ ಕಂಬಳಿ ಹಂಚುವ ಪದ್ಧತಿ ನಮ್ಮ ಜಮಾಅತ್‌ಗಳಲ್ಲಿ, ಯುವಕರ ಸಂಘಗಳಲ್ಲಿದೆ. ಒಳ್ಳೆಯ ಕೆಲಸ. ಆದರೆ ಇಷ್ಟು ಹಣಕ್ಕೆ ಎಷ್ಟು ಜನಕ್ಕೆ ಹಂಚಬಹುದು ಎಂಬ ಲೆಕ್ಕದಲ್ಲಿ ಎಲ್ಲಕ್ಕಿಂತ ತೆಳುವಾದದ್ದನ್ನು ಕೊಂಡರೆ ಬಸ್ ನಿಲ್ದಾಣದ ಕಲ್ಲಿನ ಮೇಲೆ ಮಲಗುವವರಿಗೆ ಅದರಿಂದ ಎಷ್ಟು ಪ್ರಯೋಜನ? ಇನ್ನೂರು ತೆಳು ಹೊದಿಕೆಗಳಿಗಿಂತ ನೂರು ಗಟ್ಟಿ ಕಂಬಳಿಗಳು, ಜೊತೆಗೆ ಹಾಸಲು ನೂರು ಚಾಪೆಗಳು ಆ ರಾತ್ರಿಯನ್ನು ನಿಜವಾಗಿ ಸಹ್ಯವಾಗಿಸುತ್ತವೆ. ಕೊಳ್ಳುವ ಸಮಿತಿಯಲ್ಲಿ ಮನೆ ನಡೆಸಿ ಗೊತ್ತಿರುವ ಒಬ್ಬಿಬ್ಬರು ಹೆಣ್ಣುಮಕ್ಕಳೂ ಇರಲಿ. ಟೇಪು, ತಕ್ಕಡಿ, ಒಂದು ಬೆಂಕಿಕಡ್ಡಿ ಅವರ ಕೈಯಲ್ಲಿದ್ದರೆ ವ್ಯಾಪಾರಿ ಮೋಸ ಮಾಡುವುದು ಕಷ್ಟ.

ಈ ಭಾನುವಾರ ಮನೆಯ ಕಂಬಳಿಗಳನ್ನೆಲ್ಲ ಬಿಸಿಲಿಗೆ ಹಾಕಿ ಒಮ್ಮೆ ಎಣಿಸಿ. ತಲೆಗೊಂದು ಇದೆಯೇ? ಇಲ್ಲದಿದ್ದರೆ ಚಳಿ ಮುಗಿದ ಮೇಲೆ, ಫೆಬ್ರವರಿ ಮಾರ್ಚಿನಲ್ಲಿ, ಅಂಗಡಿಯವರು ಉಳಿದದ್ದನ್ನು ಕಡಿಮೆ ಬೆಲೆಗೆ ಕೊಡುವ ಹೊತ್ತಿನಲ್ಲಿ ಒಂದನ್ನು ಕೊಂಡಿಟ್ಟುಕೊಳ್ಳಿ.